ಸಕ್ಷನ್ ಪೈಪ್ ಡೆಲಿವರಿಗಿಂತ ದಪ್ಪ ಏಕಿರಬೇಕು?

ನಿಮ್ಮ ಪ್ರಶ್ನೆ ಇದು: ತೆರೆದ ಬಾವಿ, 5 ಎಚ್‌ಪಿ ಮೋನೋಬ್ಲಾಕ್ (ಮೋಟಾರು, ಪಂಪು ಒಂದೇ ಆಗಿರುವುದು), ನೀರು ಪಂಪಿನಿಂದ 20 ಅಡಿ ಕೆಳಗೆ. ಪಂಪಿಗೆ ನೀರು ಒಳಬರುವ ಸಕ್ಷನ್ ಬಾಯಿ 3 ಇಂಚು, ಹೊರಹೋಗುವ ಡೆಲಿವರಿ ಬಾಯಿ ಎರಡೂವರೆ. ಎರಡೂ ಕಡೆ ಎರಡೂವರೆ ಇಂಚಿನ ಪೈಪನ್ನೇ ಹಾಕಿದ್ದೀರಿ. ಒಳಗೆ ಜಲ್ಲಿ ಅಲುಗಾಡಿಸಿದಂಥ ಸದ್ದು, ನೀರೂ ಕಡಿಮೆ. ಡೆಲಿವರಿ ಗೇಟ್ ವಾಲ್ವ್ ಸ್ವಲ್ಪ ಮುಚ್ಚಿದರೆ ಸದ್ದು ನಿಲ್ಲುತ್ತದೆ. ಮೆಕ್ಯಾನಿಕ್ ಡೆಲಿವರಿ ಪೈಪ್ ದಪ್ಪ ಮಾಡಿಸಿ ಎಂದಿದ್ದಾರೆ.

ಮಾಡಿಸಬೇಡಿ. ಸದ್ದು ಇನ್ನೂ ಹೆಚ್ಚುತ್ತದೆ.

ಪಂಪ್ ನೀರನ್ನು ಎಳೆಯುತ್ತದೆ ಎನ್ನುವುದು ಮಾತಿಗಷ್ಟೇ. ಒಳಗೆ ತಿರುಗುವ ರೆಕ್ಕೆಚಕ್ರ, ಅಂದರೆ ಇಂಪೆಲರ್, ತನ್ನ ನಡುವಿನಲ್ಲಿ ಒತ್ತಡ ಇಳಿಸುತ್ತದೆ. ನೀರನ್ನು ಮೇಲಕ್ಕೆ ನೂಕುವುದು ಬಾವಿಯ ನೀರಿನ ಮೇಲಿರುವ ಗಾಳಿಯ ಭಾರ. ಡೆಲಿವರಿ ಕಡೆ ಮೋಟಾರಿನ ಬಲವಿದೆ, ಅಲ್ಲಿ ಸ್ವಲ್ಪ ಇರುಕಾದರೂ ಪಂಪ್ ತಳ್ಳಿಕೊಂಡು ಹೋಗುತ್ತದೆ. ಸಕ್ಷನ್ ಕಡೆ ಗಾಳಿ ಕೊಟ್ಟಷ್ಟೇ. ಎಷ್ಟು ಎಚ್‌ಪಿ ಹಾಕಿದರೂ ಅದು ಹೆಚ್ಚುವುದಿಲ್ಲ.

ಗಾಳಿ ಕೊಡುವ ಈ ಬಂಡವಾಳದ ಲೆಕ್ಕ ನೋಡಿ. ಮಂಗಳೂರಿನಂಥ ಸಮುದ್ರಮಟ್ಟದ ಊರಲ್ಲಿ ಗಾಳಿ ಸುಮಾರು 34 ಅಡಿ ನೀರನ್ನು ಹೊರಬಲ್ಲದು. 900 ಮೀಟರ್ ಎತ್ತರದ ಬೆಂಗಳೂರು, ಹಾಸನದ ಸೀಮೆಯಲ್ಲಿ 30 ಅಡಿ ಚಿಲ್ಲರೆ. ನೀರು ಆವಿಯಾಗದಿರಲು ಒಂದೂವರೆ ಅಡಿ ಕಳೆಯಿರಿ, ಉಳಿಯಿತು 29. ಏರಿಕೆ 20 ಹೋದರೆ 9. ಸೆಕೆಂಡಿಗೆ 8 ಲೀಟರ್ ಹರಿದರೆ ಎರಡೂವರೆ ಇಂಚಿನ 30 ಅಡಿ ಪೈಪಿನ ಘರ್ಷಣೆಗೇ 3 ಅಡಿ, ಪೈಪಿನ ಕೆಳತುದಿಯ ಫುಟ್‌ವಾಲ್ವ್ ಮತ್ತು ಬೆಂಡಿಗೆ ಇನ್ನೆರಡು ಮೂರು. ಕೊನೆಗೆ ಕೈಯಲ್ಲಿರುವುದು ಮೂರೂವರೆ ಅಡಿ. ಇಂಥ ಪಂಪುಗಳಿಗೆ ಬಾಯಲ್ಲಿ ಸಾಮಾನ್ಯವಾಗಿ 6ರಿಂದ 10 ಅಡಿ ಬೇಕು. ಸಾಲದೆ ಹೋದಾಗ ನೀರು ತಣ್ಣಗಿದ್ದೇ ಕುದಿದು ಗುಳ್ಳೆಯಾಗುತ್ತದೆ, ಒತ್ತಡ ಹೆಚ್ಚಿರುವ ರೆಕ್ಕೆಯ ಅಂಚಿನತ್ತ ಹೋದಾಗ ಆ ಗುಳ್ಳೆ ಒಡೆಯುತ್ತದೆ. ನಿಮಗೆ ಕೇಳುವ ಜಲ್ಲಿ ಸದ್ದು ಇದೇ. ಹೀಗೇ ಬಿಟ್ಟರೆ ಇಂಪೆಲರ್ ಗೆದ್ದಲು ತಿಂದ ಹಾಗೆ ಕುಳಿ ಬೀಳುತ್ತದೆ. ವಾಲ್ವ್ ಮುಚ್ಚಿದಾಗ ಹರಿವು ತಗ್ಗಿ ಘರ್ಷಣೆಯೂ ತಗ್ಗುವುದರಿಂದ ಸದ್ದು ನಿಲ್ಲುತ್ತದೆ.

ಸಕ್ಷನ್ ಪೈಪನ್ನು 3 ಇಂಚು ಮಾಡಿದರೆ ಘರ್ಷಣೆ ಅರ್ಧಕ್ಕಿಂತ ಕಡಿಮೆ. ಕೈಯಲ್ಲಿ 6 ಅಡಿ ಉಳಿಯುತ್ತದೆ. ಫುಟ್‌ವಾಲ್ವೂ 3 ಇಂಚಿನದೇ ಇರಲಿ, ಇಲ್ಲದಿದ್ದರೆ ಖರ್ಚು ದಂಡ. ಜೊತೆಗೆ ಪಂಪನ್ನು ಬಾವಿಯೊಳಗಿನ ಕಟ್ಟೆಗೆ 4 ಅಡಿ ಇಳಿಸಲಾದರೆ ಪೂರ್ತಿ ನೆಮ್ಮದಿ, ಆದರೆ ಮಳೆಗಾಲದ ನೀರಿನ ಮಟ್ಟ ಮರೆಯಬೇಡಿ.

ಪೈಪ್ ಬಾವಿಯಿಂದ ಪಂಪಿನವರೆಗೆ ಏರುತ್ತಲೇ ಬರಬೇಕು. ನಡುವೆ ಗೂನು ಇದ್ದರೆ ಗಾಳಿ ಅಲ್ಲೇ ಕೂರುತ್ತದೆ. ಎಂದಾದರೂ ಪಂಪಿನ ಬಾಯಿಗಿಂತ ದಪ್ಪ ಪೈಪ್ ಹಾಕಿ ಅದನ್ನು ಸಣ್ಣ ಬಾಯಿಗೆ ಸೇರಿಸುವ ರೆಡ್ಯೂಸರ್ ಕೂರಿಸಿದರೆ, ಒಂದು ಬದಿ ಚಪ್ಪಟೆ ಇರುವುದನ್ನೇ ಕೊಂಡು ಚಪ್ಪಟೆ ಬದಿ ಮೇಲೆ ಬರುವಂತೆ ಹಾಕಿ. ಫುಟ್‌ವಾಲ್ವ್ ಬೇಸಿಗೆಯಲ್ಲೂ ಕನಿಷ್ಠ 3 ಅಡಿ ನೀರಲ್ಲಿ ಮುಳುಗಿರಲಿ, ಹೂಳಿನಿಂದ ಒಂದಡಿ ಮೇಲಿರಲಿ.

ಗಾಳಿ ಸೋರಿಕೆಯ ಲಕ್ಷಣ ಬೇರೆ: ಹೊರಬರುವ ನೀರು ಬಿಟ್ಟುಬಿಟ್ಟು ಬರುತ್ತದೆ, ಬೆಳ್ಳಗೆ ನೊರೆಯಂತಿರುತ್ತದೆ. ಸಕ್ಷನ್ ಜಾಯಿಂಟ್ ಓಡುವಾಗ ತೊಟ್ಟಿಕ್ಕುವುದಿಲ್ಲ, ಗಾಳಿ ಹೀರುತ್ತದೆ. ಹಾಗಾಗಿ ಕಣ್ಣಿಗೆ ಬೀಳುವುದಿಲ್ಲ. ಓಡುವಾಗಲೇ ಒಂದೊಂದು ಜಾಯಿಂಟಿಗೆ ದಪ್ಪಗೆ ಗ್ರೀಸ್ ಮೆತ್ತಿ ನೋಡಿ. ಯಾವುದಕ್ಕೆ ಮೆತ್ತಿದಾಗ ನೀರು ಸರಿಯಾಗಿ ಬರುತ್ತದೋ ಆ ಜಾಯಿಂಟೇ ತಪ್ಪಿತಸ್ಥ. ಪಂಪ್ ನಿಲ್ಲಿಸಿದ ಮೇಲೆ ತುಂಬಿದ ನೀರು ಇಳಿದುಹೋದರೂ ಜಾಯಿಂಟುಗಳು ಒಣಗಿದ್ದರೆ ಫುಟ್‌ವಾಲ್ವ್ ವಾಷರಿನಲ್ಲಿ ಕಸ ಸಿಕ್ಕಿರಬಹುದು.

ಎಂಜಿನ್ನಿನಲ್ಲೂ ಇದೇ ನ್ಯಾಯ. ಸಿಲಿಂಡರಿಗೆ ಎರಡೇ ವಾಲ್ವಿರುವ ಎಂಜಿನ್ ಬಿಚ್ಚಿ ನೋಡಿದರೆ ಸಾಮಾನ್ಯವಾಗಿ ಇನ್‌ಲೆಟ್ ವಾಲ್ವೇ ದೊಡ್ಡದು. ಹೊಗೆಯನ್ನು ಪಿಸ್ಟನ್ ನೂಕುತ್ತದೆ, ಒಳಬರುವ ಗಾಳಿಗೆ ವಾತಾವರಣದ ಒತ್ತಡವೊಂದೇ ಗತಿ. ಏರ್ ಫಿಲ್ಟರ್ ಕಟ್ಟಿದ ಡೀಸೆಲ್ ಪಂಪ್‌ಸೆಟ್ ಕಪ್ಪು ಹೊಗೆ ಬಿಡುವುದೂ ಅದಕ್ಕೇ.

ಹೊಸ ಪೈಪ್ ಬರುವ ತನಕ ಸದ್ದು ನಿಲ್ಲುವಷ್ಟು ಡೆಲಿವರಿ ವಾಲ್ವ್ ಮುಚ್ಚಿಯೇ ಓಡಿಸಿ. ನೀರು ಸ್ವಲ್ಪ ಕಡಿಮೆ ಬಂದರೂ ಇಂಪೆಲರ್ ಉಳಿಯುತ್ತದೆ.