ಹಾಳೂರು ದಿಬ್ಬದಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಹಳೆಯ ನಾಣ್ಯ ಹುಡುಕಬಹುದೇ?

ಜಮಖಂಡಿ ಹತ್ತಿರದ ನಿಮ್ಮೂರ ಹೊರಗೆ ಹಾಳೂರು ದಿಬ್ಬವಿದೆ (ಹಿಂದೆ ಊರಿದ್ದು ಹಾಳಾದ ಜಾಗ), ಅಲ್ಲಿ ನಾಣ್ಯ ಹುಡುಕಲು ಯಾವ ಡಿಟೆಕ್ಟರ್ ತಗೊಳ್ಳಲಿ ಎಂದು ಕೇಳಿದ್ದೀರಿ. ಯಾವುದನ್ನೂ ತಗೋಬೇಡಿ ಸರ್. ನಾನು ವಿಜಯಪುರದವನು, ಇಂಥ ದಿಬ್ಬಗಳ ಕ್ಷೇತ್ರಕಾರ್ಯಕ್ಕೆ ಹೋಗುತ್ತಿರುತ್ತೇನೆ, ಆ ಅನುಭವದ ಮೇಲೆ ಹೇಳುತ್ತಿದ್ದೇನೆ.

ಕಾನೂನಿನ ಮಾತು ಮೊದಲು ಮುಗಿಸುತ್ತೇನೆ. ಯೂಟ್ಯೂಬಿನಲ್ಲಿ ಇಂಗ್ಲೆಂಡಿನವರು ಹೊಲದ ಮಾಲೀಕರ ಒಪ್ಪಿಗೆ ಪಡೆದು ಹುಡುಕುವುದನ್ನು ನೋಡಿರಬಹುದು. ಅಲ್ಲಿಯೂ ನಿಧಿ ಸಿಕ್ಕರೆ 1996ರ ಕಾಯ್ದೆಯಂತೆ ವರದಿ ಮಾಡಲೇಬೇಕು. ನಮ್ಮಲ್ಲಿ 1962ರ ಕರ್ನಾಟಕ ನಿಧಿ ಕಾಯ್ದೆ ಇದೆ. ಹೊಲ ನಿಮ್ಮದೇ ಇದ್ದರೂ ಸಿಕ್ಕ ನಿಧಿಯನ್ನು ಸುಮ್ಮನೆ ಇಟ್ಟುಕೊಳ್ಳುವಂತಿಲ್ಲ, ಜಿಲ್ಲಾಧಿಕಾರಿಗೆ ತಿಳಿಸಬೇಕು. ಸಂರಕ್ಷಿತ ತಾಣವಾದರೆ ಪರವಾನಗಿ ಇಲ್ಲದೆ ಅಗೆಯುವುದೇ ಅಪರಾಧ.

ಇನ್ನು ಯಂತ್ರ. ಅದರ ಸುರುಳಿಯ ಕಾಂತಕ್ಷೇತ್ರ ನೆಲಕ್ಕಿಳಿದಾಗ ಲೋಹದಲ್ಲಿ ವಿದ್ಯುತ್ತಿನ ಸುಳಿ ಏಳುತ್ತದೆ, ಅದನ್ನೇ ಯಂತ್ರ ಹಿಡಿಯುವುದು. ನಿಮ್ಮ ಕಡೆಯ ಎರೆ ಮಣ್ಣು ಬಸಾಲ್ಟ್ ಕಲ್ಲು ಸವೆದು ಆದದ್ದು, ಮಣ್ಣಲ್ಲೇ ಕಬ್ಬಿಣದ ಅಂಶ ಬಹಳ. ಅಗ್ಗದ ಯಂತ್ರ ಅಲ್ಲಿ ಸುಮ್ಮಸುಮ್ಮನೆ ಕೂಗುತ್ತದೆ. ಒಂದು ಗೇಣಿಗಿಂತ ಕೆಳಗಿರುವ ಸಣ್ಣ ನಾಣ್ಯ ಅದಕ್ಕೆ ತಿಳಿಯುವುದೂ ಕಷ್ಟ. ಎತ್ತಿನ ನಾಲ, ಕುಳದ ಚೂರು, ಬಾಟಲಿ ಮುಚ್ಚಳ ಬೇಕಾದಷ್ಟು ಸಿಗುತ್ತವೆ.

ನನ್ನ ಮುಖ್ಯ ತಕರಾರು ಬೇರೆ. ಬೆಳಗಾವಿಯ ವಡಗಾವಿ-ಮಾಧವಪುರದಲ್ಲಿ 1970ರ ದಶಕದಲ್ಲಿ ಉತ್ಖನನ ಮಾಡಿದ್ದರಿಂದಲೇ ಶಾತವಾಹನರ ಕಾಲದ ಪಟ್ಟಣ ಹೊರಬಿತ್ತು. ಅಂಥ ಕಡೆ ಒಂದು ಮನೆಯ ನೆಲಗಟ್ಟಿನ ಅಡಿಯಲ್ಲಿ ಸೀಸದ ನಾಣ್ಯ ಸಿಕ್ಕಿತೆನ್ನಿ. ನಾಣ್ಯ ಟಂಕಿಸುವ ಮೊದಲು ಆ ನೆಲ ಹಾಕಿರಲು ಸಾಧ್ಯವಿಲ್ಲ ಎಂದು ಗೊತ್ತಾಗುತ್ತದೆ. ಪಕ್ಕದ ಗೋಡೆ, ಮಡಕೆ, ಒಲೆಯ ಬೂದಿ ಎಲ್ಲದರ ಕಾಲ ಅದರಿಂದ ತಿಳಿಯುತ್ತ ಹೋಗುತ್ತದೆ. ಡಿಟೆಕ್ಟರ್ ಕೂಗಿತೆಂದು ನೀವು ಸಲಿಕೆ ಹಾಕಿ ತೆಗೆದರೆ ನೆಲಗಟ್ಟೂ ಹೋಯಿತು, ನಾಣ್ಯ ಯಾವ ಪದರದ್ದೆಂದು ಮುಂದೆ ಯಾರೂ ಹೇಳಲಾರರು. ನಿಧಿಗಳ್ಳರು ಲಿಂಗ ಕಿತ್ತು, ವೀರಗಲ್ಲು ಉರುಳಿಸಿ ಹೋದ ಜಾಗಗಳನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ನಿಮ್ಮ ಉದ್ದೇಶ ಒಳ್ಳೆಯದೇ ಇದ್ದರೂ ತೋಡಿದ ಗುಂಡಿಗೆ ಆ ವ್ಯತ್ಯಾಸವಿಲ್ಲ.

‘ಹೇಗೂ ನೇಗಿಲು ಹೊಡೆದು ಪದರ ಕಲಸಿಹೋದ ಹೊಲ ಅಲ್ಲವೇ’ ಎಂದು ನೀವು ಕೇಳಬಹುದು. ಅದರಲ್ಲಿ ಅರ್ಧ ನಿಜವಿದೆ. ಬೇಸಿಗೆಯಲ್ಲಿ ಎರೆ ಬಿರಿದಾಗ ಮೇಲಿನದು ಕೆಳಗೂ ಬೀಳುತ್ತದೆ. ಆದರೂ ಎಲ್ಲಿ ಏನು ಬಿದ್ದಿದೆ ಎಂಬುದಕ್ಕೆ ಬೆಲೆ ಇದ್ದೇ ಇದೆ. 1876ರಲ್ಲಿ ಅಮೆರಿಕದ ಸೈನ್ಯಕ್ಕೂ ಅಲ್ಲಿನ ಮೂಲನಿವಾಸಿಗಳಿಗೂ ಯುದ್ಧ ನಡೆದ ಲಿಟಲ್ ಬಿಗ್‌ಹಾರ್ನ್ ರಣಭೂಮಿಯಲ್ಲಿ 1984ರಲ್ಲಿ ಪುರಾತತ್ವಜ್ಞರು ಡಿಟೆಕ್ಟರನ್ನೇ ಬಳಸಿದರು. ಸಂಕೇತ ಬಂದಲ್ಲೆಲ್ಲ ಬಾವುಟ ನೆಟ್ಟು, ಪ್ರತಿ ಗುಂಡು, ಕಾಡತೂಸಿನ ಜಾಗವನ್ನು ನಕ್ಷೆಗೆ ಹಾಕಿದರು. ಗುಂಡು ಹಾರಿಸುವಾಗ ಬಡಿಯುವ ಬಂದೂಕಿನ ಮೊಳೆ ಕಾಡತೂಸಿನ ಮೇಲೆ ಬಿಟ್ಟ ಗುರುತು ಹೋಲಿಸಿ, ಒಂದೊಂದು ಬಂದೂಕು ಎಲ್ಲಿಂದ ಎಲ್ಲಿಗೆ ಸರಿಯಿತೆಂದು ಕಂಡುಕೊಂಡರು.

ನೀವು ಹೀಗೆ ಮಾಡಿ. ಮೊದಲ ಮಳೆ ಬಿದ್ದ ಮರುದಿನ, ಹೊಲದವರನ್ನು ಕೇಳಿಕೊಂಡು, ದಿಬ್ಬದ ಇಳಿಜಾರಿನಲ್ಲಿ ಬರಿಗೈಲಿ ನಡೆಯಿರಿ. ಮಣ್ಣು ತೊಳೆದು ಮಣಿ, ಶಂಖದ ಬಳೆಯ ಚೂರು, ಬಿಳಿ ಗೆರೆಯ ಕೆಂಪು ಮಡಕೆಯ ತುಂಡು ಕಾಣಬಹುದು. ಇವು ಯಾವುದಕ್ಕೂ ಡಿಟೆಕ್ಟರ್ ಕೂಗುವುದಿಲ್ಲ. ಎತ್ತಿಕೊಳ್ಳದೆ, ಪಕ್ಕಕ್ಕೆ ಸ್ಕೇಲು ಇಟ್ಟು ಫೋಟೊ ತೆಗೆಯಿರಿ, ಮೊಬೈಲಿನಲ್ಲಿ ಲೊಕೇಶನ್ ಉಳಿಸಿ, ಹೊಲದ ಸರ್ವೆ ನಂಬರ್ ಬರೆದುಕೊಳ್ಳಿ. ಇಷ್ಟನ್ನು ರಾಜ್ಯ ಪುರಾತತ್ವ ಇಲಾಖೆಗೆ ಪತ್ರದ ಜೊತೆ ಕಳಿಸಿ, ಒಂದು ಪ್ರತಿಯನ್ನು ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೂ ಕೊಡಿ.