ಕೋಚಿಂಗಿಗಿಂತ ಮೊದಲು ಕಾಗದಪತ್ರ

ಕುಮಟಾ ತಾಲೂಕಿನ ಹಳ್ಳಿಯೊಂದರಿಂದ ಓದುಗರೊಬ್ಬರು ಬರೆದಿದ್ದಾರೆ. ಮಗಳು ಊರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಹತ್ತನೇ ತರಗತಿ, ಕನ್ನಡ ಮಾಧ್ಯಮ. ಇಂಜಿನಿಯರಿಂಗ್ ಇಲ್ಲವೇ ಶಿರಸಿಯ ಅರಣ್ಯ ಕಾಲೇಜು ಎಂಬುದು ಅವಳ ಆಸೆ. ಮಗ ಏಳನೇ ತರಗತಿ. ಮುಂದಿನ ವರ್ಷ ಅವನನ್ನು ಕುಮಟಾ ಪೇಟೆಯ ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಗೆ ಹಾಕುವ ಯೋಚನೆ. ಸಣ್ಣ ಅಡಿಕೆ ತೋಟವಿದೆ, ಪಹಣಿ ಇನ್ನೂ ಮಾವನವರ ಹೆಸರಿನಲ್ಲಿದೆ. ಸಾಲ ಮಾಡಿಯಾದರೂ ಮಗಳನ್ನು ಪಿಯುಸಿಗೆ ಮಂಗಳೂರಿನ ವಸತಿ ಕಾಲೇಜಿಗೆ ಸೇರಿಸಬೇಕೇ, ಯಾವ ವಿದ್ಯಾರ್ಥಿವೇತನ ಸಿಗಬಹುದು ಎಂದು ಕೇಳಿದ್ದಾರೆ.

ನಮಸ್ಕಾರ ಅಕ್ಕ,

ಸಾಲ ಮಾಡಿ ಮಂಗಳೂರಿಗೆ ಕಳಿಸುವ ಅಗತ್ಯವಿಲ್ಲ. ಅವಳ ಗುರಿ ಇಂಜಿನಿಯರಿಂಗ್ ಅಥವಾ ಅರಣ್ಯಶಾಸ್ತ್ರ ಆಗಿರುವುದರಿಂದಲೇ ಇಷ್ಟು ಖಚಿತವಾಗಿ ಹೇಳುತ್ತಿದ್ದೇವೆ. ಎಂಬಿಬಿಎಸ್‌ಗೆ ನೀಟ್ (ದೇಶಮಟ್ಟದ ವೈದ್ಯಕೀಯ ಪ್ರವೇಶ ಪರೀಕ್ಷೆ) ಅಂಕ ಒಂದೇ ಲೆಕ್ಕ, ಅಲ್ಲಿಯ ಪೈಪೋಟಿಯೇ ಬೇರೆ. ಇಂಜಿನಿಯರಿಂಗ್‌ನ ಸಿಇಟಿ (ರಾಜ್ಯದ ಪ್ರವೇಶ ಪರೀಕ್ಷೆ) ರ‍್ಯಾಂಕಿನಲ್ಲಿ ಮಾತ್ರ ಅರ್ಧ ಪಾಲು ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳದ್ದು, ಇನ್ನರ್ಧ ಸಿಇಟಿಯದ್ದು. ಒಬ್ಬಳು ಪಿಯುಸಿಯಲ್ಲಿ ಈ ಮೂರಕ್ಕೆ 300ಕ್ಕೆ 270 ತೆಗೆದು, ಸಿಇಟಿಯಲ್ಲಿ 180ಕ್ಕೆ 90 ತೆಗೆದಳು ಅನ್ನಿ. ಶೇಕಡಾ 90 ಮತ್ತು 50, ಸರಾಸರಿ 70. ಇನ್ನೊಬ್ಬ ಪಿಯುಸಿಯಲ್ಲಿ 225, ಸಿಇಟಿಯಲ್ಲಿ 108 ತೆಗೆದರೆ ಅವನದು 75 ಮತ್ತು 60, ಸರಾಸರಿ 67.5. ಸಿಇಟಿಯಲ್ಲಿ 18 ಅಂಕ ಹಿಂದಿದ್ದವಳೇ ರ‍್ಯಾಂಕಿನಲ್ಲಿ ಮುಂದೆ. ಬೋರ್ಡ್ ಪರೀಕ್ಷೆಯನ್ನು ಬದಿಗೊತ್ತಿ ಎರಡು ವರ್ಷ ಬರೀ ಎಂಸಿಕ್ಯೂ (ಬಹು ಆಯ್ಕೆಯ ಪ್ರಶ್ನೆ) ಬಿಡಿಸುವ ಮಕ್ಕಳು ಎಡವುವುದು ಇಲ್ಲೇ. ಅರಣ್ಯ, ಕೃಷಿ ಕೋರ್ಸುಗಳಿಗೂ ಪಿಯುಸಿ ಅಂಕ ಲೆಕ್ಕಕ್ಕೆ ಬರುತ್ತದೆ. ಕೃಷಿಕರ ಕೋಟಾದಲ್ಲಿ ಅರ್ಜಿ ಹಾಕುವವರು ಬೀಜ, ಗಿಡ, ಗೊಬ್ಬರ, ಸಲಕರಣೆ ಗುರುತಿಸುವ ಪ್ರಾಯೋಗಿಕ ಪರೀಕ್ಷೆಯನ್ನೂ ಬರೆಯಬೇಕು. ತೋಟದ ಮಗಳಿಗೆ ಅದೇನು ಹೊಸತಲ್ಲ.

ಆಸೆ ಎರಡು ಕಡೆ ಇರುವಾಗ ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ತೆಗೆದುಕೊಳ್ಳಲಿ, ಸಿಇಟಿಯ ನಾಲ್ಕೂ ಪತ್ರಿಕೆ ಬರೆಯಲಿ. ಪ್ರತಿ ಪತ್ರಿಕೆಗೆ 60 ಪ್ರಶ್ನೆ, 80 ನಿಮಿಷ, ಋಣಾತ್ಮಕ ಅಂಕ ಇಲ್ಲ. ಹಾಗಾಗಿ ಒಂದನ್ನೂ ಖಾಲಿ ಬಿಡಕೂಡದು. ಪ್ರಶ್ನೆಪತ್ರಿಕೆಯ ವರ್ಷನ್ ಕೋಡನ್ನು ಒಎಂಆರ್ ಹಾಳೆಯಲ್ಲಿ ತಪ್ಪಾಗಿ ತುಂಬಿದರೆ ಉತ್ತರಗಳನ್ನು ಬೇರೆ ಕೀಲಿಗೆ ಹೋಲಿಸಿಬಿಡುತ್ತಾರೆ. ಪಿಯು ವಿಜ್ಞಾನ ಮತ್ತು ಗಣಿತಕ್ಕೆ ಎನ್‌ಸಿಇಆರ್‌ಟಿ ಪುಸ್ತಕಗಳೇ ಆಧಾರ. ಜೆಇಇ (ಐಐಟಿಯಂಥ ಕಾಲೇಜುಗಳ ಪ್ರವೇಶ ಪರೀಕ್ಷೆ), ನೀಟ್‌ಗೂ ತಳಪಾಯ ಅವೇ. ಹಳೆಯ ಸಿಇಟಿ ಪತ್ರಿಕೆಗಳು ಕೀ ಉತ್ತರದ ಸಮೇತ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. 2024ರ ಪತ್ರಿಕೆಗಳನ್ನು ಬಿಡಿಸುವಾಗ ಮಾತ್ರ ಎಚ್ಚರ: ಆ ವರ್ಷ ಪಠ್ಯಕ್ರಮದ ಹೊರಗಿನವೆಂದು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟಿದ್ದರು. ಪ್ರಥಮ ಪಿಯುಸಿ ಪಾಠಗಳಿಂದಲೂ ಪ್ರಶ್ನೆ ಬರುತ್ತವೆ. ಮೊದಲ ವರ್ಷ ಸುಮ್ಮನೆ ಪಾಸಾದರೆ ಸಾಕು ಅಂದುಕೊಂಡವರು ಎರಡನೇ ವರ್ಷದ ಜನವರಿಯಲ್ಲಿ ಪರದಾಡುತ್ತಾರೆ.

ಕನ್ನಡ ಮಾಧ್ಯಮದಿಂದ ಹೋದ ಮಕ್ಕಳು ಪ್ರಥಮ ಪಿಯುಸಿಯ ಮೊದಲ ಮೂರು ತಿಂಗಳು ಕಂಗಾಲಾಗುವುದು ನಿಜ. ಎಸ್‌ಎಸ್‌ಎಲ್‌ಸಿ ಮುಗಿದ ಬೇಸಿಗೆ ರಜೆಯಲ್ಲಿ ಹತ್ತನೇ ತರಗತಿಯ ಇಂಗ್ಲಿಷ್ ಮಾಧ್ಯಮದ ವಿಜ್ಞಾನ, ಗಣಿತ ಪುಸ್ತಕ ತಂದು, ಗೊತ್ತಿರುವ ಪಾಠಗಳನ್ನೇ ಓದಲಿ. ವಿಷಯ ಹೊಸತಲ್ಲವಾದ್ದರಿಂದ ಪದಗಳು ಬೇಗ ಹತ್ತುತ್ತವೆ. ಮುಂದೆ ಮನಸ್ಸು ಬದಲಾಗಿ ನೀಟ್, ಜೆಇಇ ಮೇನ್ ಕಡೆ ಹೋದರೂ ಆ ಪರೀಕ್ಷೆಗಳನ್ನು ಕನ್ನಡದಲ್ಲೇ ಬರೆಯುವ ಅವಕಾಶ ಇದೆ.

ಇನ್ನು ನೀವು ಕೇಳದೇ ಇದ್ದ, ಆದರೆ ಎಲ್ಲಕ್ಕಿಂತ ತುರ್ತಿನ ವಿಷಯ. ಮಗಳ ಹೆಸರು ಶಾಲೆಯ ದಾಖಲೆಯಲ್ಲಿ, ಆಧಾರ್‌ನಲ್ಲಿ, ಜಾತಿ-ಆದಾಯ ಪ್ರಮಾಣಪತ್ರದಲ್ಲಿ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಒಂದೇ ಥರ ಇದೆಯೇ? ನಮ್ಮ ಜಿಲ್ಲೆಯಲ್ಲಿ ಒಂದು ಕಡೆ ಇನಿಶಿಯಲ್, ಇನ್ನೊಂದು ಕಡೆ ತಂದೆಯ ಪೂರ್ತಿ ಹೆಸರು, ಮತ್ತೊಂದು ಕಡೆ ಅಡ್ಡಹೆಸರು ಬರೆಸುವುದು ಮಾಮೂಲು. ಹೆಗಡೆ ಒಂದು ದಾಖಲೆಯಲ್ಲಿ ಹೆಗ್ಡೆ ಆಗಿರುತ್ತಾರೆ, ನಾಯಕ ನಾಯ್ಕ್ ಆಗಿರುತ್ತಾರೆ. ಮನುಷ್ಯರು ಇದನ್ನು ಗಮನಿಸುವುದಿಲ್ಲ, ಕಂಪ್ಯೂಟರ್ ಬಿಡುವುದಿಲ್ಲ. ಹತ್ತನೇ ತರಗತಿಯ ನಾಮಿನಲ್ ರೋಲ್ (ಪರೀಕ್ಷೆಗೆ ಕೂರುವ ವಿದ್ಯಾರ್ಥಿಗಳ ಪಟ್ಟಿ) ಶಾಲೆಯಿಂದ ಹೋಗುವ ಮೊದಲು ಹೆಸರು, ತಂದೆ-ತಾಯಿ ಹೆಸರು, ಜನ್ಮದಿನಾಂಕವನ್ನು ಅಕ್ಷರಕ್ಕೆ ಅಕ್ಷರ ನೀವೇ ನೋಡಿ. ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದಿಸುವುದೆಂದರೆ ತಿಂಗಳುಗಟ್ಟಲೆ ಅಲೆದಾಟ. ಶಾಲೆಯ ದಾಖಲೆ ಸರಿಯಿದ್ದು ಆಧಾರ್ ಬೇರೆಯಿದ್ದರೆ ಆಧಾರನ್ನೇ ತಿದ್ದಿಸಿ. ಅಲ್ಲಿ ಹೆಸರನ್ನು ಎರಡು ಸಲ, ಜನ್ಮದಿನಾಂಕವನ್ನು ಒಂದೇ ಸಲ ಬದಲಿಸಲು ಬಿಡುತ್ತಾರೆ. ಕೇಂದ್ರದವನು ಟೈಪ್ ಮಾಡಿದ್ದನ್ನು ಪರದೆಯ ಮೇಲೆ ಓದಿ ನೋಡಿದ ಮೇಲೆಯೇ ಹೂಂ ಅನ್ನಿ. ನಾಡಕಚೇರಿಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆಯನ್ನು ಸಿಇಟಿಗೂ ವಿದ್ಯಾರ್ಥಿವೇತನಕ್ಕೂ ಕೇಳುತ್ತಾರೆ. ಪ್ರಮಾಣಪತ್ರ ಅಣ್ಣ-ತಮ್ಮಂದಿರದ್ದೋ ತಂದೆಯದ್ದೋ ಇದ್ದರೆ ನಡೆಯದು, ಮಗಳ ಹೆಸರಿನದ್ದೇ ಬೇಕು.

ಈಗ ಮಗನ ಶಾಲೆಯ ಮಾತು. ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇಕಡಾ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಮೀಸಲಾತಿ ಇದೆ. ಎರಡಕ್ಕೂ ಒಂದರಿಂದ ಹತ್ತನೇ ತರಗತಿಯವರೆಗೆ ಪೂರ್ತಿ ಹತ್ತು ವರ್ಷದ ಓದು ಬೇಕು. ಒಂಬತ್ತು ವರ್ಷ ಹಳ್ಳಿಯಲ್ಲಿ ಓದಿ ಹತ್ತನೇ ತರಗತಿ ಮಾತ್ರ ಪೇಟೆಯಲ್ಲಿ ಮುಗಿಸಿದರೂ ಗ್ರಾಮೀಣ ಹಕ್ಕು ಹೋಯಿತು. ಲೆಕ್ಕಕ್ಕೆ ಬರುವುದು ಮನೆ ಇರುವ ಜಾಗವಲ್ಲ, ಶಾಲೆ ಇರುವ ಜಾಗ. ಕುಮಟಾ ಪುರಸಭೆ, ಕಾರವಾರ, ಶಿರಸಿ ನಗರಸಭೆ. ಪಟ್ಟಣ ಪಂಚಾಯಿತಿ ವ್ಯಾಪ್ತಿಯ ಶಾಲೆಗಳೂ ಗ್ರಾಮೀಣ ಅಲ್ಲ. ಮೇಲಿಂದ, ಎಂಟನೇ ತರಗತಿಯಲ್ಲಿ ನಡೆಯುವ ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನ ಪರೀಕ್ಷೆ ಸರ್ಕಾರಿ, ಅನುದಾನಿತ ಶಾಲೆಗಳಂಥವುಗಳ ಮಕ್ಕಳಿಗೇ ಹೊರತು ಅನುದಾನರಹಿತ ಖಾಸಗಿ ಶಾಲೆಯವರಿಗಲ್ಲ. ಅದರಲ್ಲಿ ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. ಅಂದರೆ ಜೂನ್‌ನಲ್ಲಿ ಕೊಡುವ ಒಂದು ಟಿಸಿಯಿಂದ ಮೂರೂ ಒಟ್ಟಿಗೆ ಕೈತಪ್ಪುತ್ತವೆ. ಪೇಟೆಯ ಶಾಲೆ ಬೇಡವೇ ಬೇಡ ಎಂದು ನಾವು ಹೇಳುವುದಿಲ್ಲ. ಊರಿನ ಶಾಲೆಯಲ್ಲಿ ಗಣಿತಕ್ಕೆ ಮೇಷ್ಟ್ರೇ ಇಲ್ಲದಿದ್ದರೆ ಮೀಸಲಾತಿ ಕಟ್ಟಿಕೊಂಡು ಏನು ಮಾಡುವುದು? ಆದರೆ ಇಂಗ್ಲಿಷ್ ಬರಲಿ ಎಂಬುದೊಂದೇ ಕಾರಣವಾದರೆ, ನಮ್ಮ ಮಟ್ಟಿಗೆ ಇದು ನಷ್ಟದ ವ್ಯಾಪಾರ.

ಎನ್‌ಎಂಎಂಎಸ್‌ಗೆ ಕುಟುಂಬದ ವರಮಾನ 3.5 ಲಕ್ಷದೊಳಗಿರಬೇಕು, ಏಳನೇ ತರಗತಿಯಲ್ಲಿ ಶೇಕಡಾ 55 ಅಂಕ ಬೇಕು (ಪರಿಶಿಷ್ಟರಿಗೆ 50). ಅರ್ಜಿ ಶಾಲೆಯ ಮೂಲಕವೇ ಹೋಗುತ್ತದೆ. ಬೌದ್ಧಿಕ ಸಾಮರ್ಥ್ಯದ ಪತ್ರಿಕೆ 90 ಅಂಕ, ಪಠ್ಯವಿಷಯದ ಪತ್ರಿಕೆ 90 ಅಂಕ, ತಲಾ 90 ನಿಮಿಷ. ಮಕ್ಕಳು ಸೋಲುವುದು ಮೊದಲನೆಯದರಲ್ಲಿ, ಏಕೆಂದರೆ ಸಂಖ್ಯಾಸರಣಿ, ಆಕೃತಿ ಹೊಂದಿಸುವುದು, ಸಂಕೇತ ಬಿಡಿಸುವುದನ್ನು ತರಗತಿಯಲ್ಲಿ ಯಾರೂ ಹೇಳಿಕೊಟ್ಟಿರುವುದಿಲ್ಲ. ಏಳನೇ ತರಗತಿ ಮುಗಿದ ರಜೆಯಿಂದ ದಿನಕ್ಕೆ ಅರ್ಧ ಗಂಟೆ ಸಾಕು. ಪಾಸಾದ ಮೇಲೆ ಇನ್ನೊಂದು ಗಂಡಾಂತರವಿದೆ. ಪ್ರತಿ ವರ್ಷ ಎನ್‌ಎಸ್‌ಪಿ (ಕೇಂದ್ರದ ವಿದ್ಯಾರ್ಥಿವೇತನ) ಪೋರ್ಟಲ್‌ನಲ್ಲಿ ನವೀಕರಣ ಮಾಡಲೇಬೇಕು, ಹತ್ತರಲ್ಲಿ ಶೇಕಡಾ 60 ಬರಬೇಕು (ಪರಿಶಿಷ್ಟರಿಗೆ 55). ಪಿಯುಸಿಗೆ ಕಾಲೇಜು ಬದಲಾದಾಗ ಹಳೆ ಶಾಲೆ ನಮ್ಮದಲ್ಲ ಅನ್ನುತ್ತದೆ, ಹೊಸ ಕಾಲೇಜಿಗೆ ವಿಷಯವೇ ಗೊತ್ತಿರುವುದಿಲ್ಲ. ದಾಖಲಾತಿ ದಿನವೇ ಗುಮಾಸ್ತರಿಗೆ ನೀವಾಗಿ ಹೇಳಬೇಕು.

ಮಗಳ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ವ್ಯಾಸಂಗ ಪ್ರಮಾಣಪತ್ರಗಳನ್ನು ಹತ್ತರ ಫಲಿತಾಂಶ ಬಂದ ತಕ್ಷಣ ಮಾಡಿಸಿಟ್ಟುಬಿಡಿ. ಪ್ರಾಥಮಿಕ ಶಾಲೆ ಬೇರೆ, ಪ್ರೌಢಶಾಲೆ ಬೇರೆ ಇದ್ದರೆ ಎರಡೂ ಕಡೆಯಿಂದ ಬೇಕು. ಮುಖ್ಯೋಪಾಧ್ಯಾಯರ ಸಹಿಯ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಇಲ್ಲದಿದ್ದರೆ ಆ ಕಾಗದಕ್ಕೆ ಬೆಲೆಯಿಲ್ಲ. ಯಾವ ತರಗತಿ ಯಾವ ವರ್ಷ ಎಂಬ ಅಂಕಣಗಳಲ್ಲಿ ಒಂದು ವರ್ಷವೂ ಬಿಟ್ಟುಹೋಗಬಾರದು. ಸಾಮಾನ್ಯ ವರ್ಗದವರು ಗ್ರಾಮೀಣ ಮೀಸಲಾತಿ ಕೇಳುವುದಾದರೆ ಕೆನೆಪದರಕ್ಕೆ (ಅನುಕೂಲಸ್ಥರ ವರ್ಗಕ್ಕೆ) ಸೇರಿಲ್ಲವೆಂಬ ತಹಶೀಲ್ದಾರರ ಪ್ರಮಾಣಪತ್ರವೂ ಬೇಕು. (ಮಾಜಾಳಿ, ಸದಾಶಿವಗಡದ ಕಡೆಯ ಓದುಗರಿಗೆ ಒಂದು ಮಾತು: ಗೋವಾದಲ್ಲಿ ಕೆಲಸ ಎಂದು ಮಕ್ಕಳನ್ನು ಅಲ್ಲಿಯೇ ಓದಿಸಿದ್ದರೆ, ಒಂದರಿಂದ ಹನ್ನೆರಡರೊಳಗೆ ಕರ್ನಾಟಕದಲ್ಲಿ ಏಳು ವರ್ಷ ಓದು ಆಗಿದೆಯೇ ಎಂದು ಬೆರಳೆಣಿಸಿ ನೋಡಿಕೊಳ್ಳಿ. ಸಿಇಟಿಯ ಸಾಮಾನ್ಯ ಅರ್ಹತೆಗೆ ಅದು ಬೇಕು.)

ವಿದ್ಯಾರ್ಥಿವೇತನಗಳಲ್ಲಿ ರಾಜ್ಯದ ಹೆಚ್ಚಿನವು ಎಸ್‌ಎಸ್‌ಪಿ ಪೋರ್ಟಲ್ ಮೂಲಕ. ಹಿಂದುಳಿದ ವರ್ಗದವರಾದರೆ, ಹಾಸ್ಟೆಲ್ ಸಿಗದ ಮಕ್ಕಳಿಗೆ ವಿದ್ಯಾಸಿರಿಯಲ್ಲಿ ವರ್ಷಕ್ಕೆ ಹತ್ತು ತಿಂಗಳು ಊಟ-ವಸತಿ ನೆರವಿದೆ. ರೈತ ವಿದ್ಯಾನಿಧಿ 2021ರಲ್ಲಿ ಶುರುವಾದಾಗ ಪಿಯುಸಿ ಹೆಣ್ಣುಮಕ್ಕಳಿಗೆ ವರ್ಷಕ್ಕೆ 3,000, ಇಂಜಿನಿಯರಿಂಗ್‌ನಂಥ ಕೋರ್ಸಿಗೆ 11,000 ಎಂದು ಗೊತ್ತುಮಾಡಿದ್ದರು. ಆಮೇಲೆ ಮೀನುಗಾರರ, ಕೃಷಿ ಕಾರ್ಮಿಕರ ಮಕ್ಕಳಿಗೂ ವಿಸ್ತರಿಸಿದರು. ನಿಮ್ಮ ಮನೆಯ ತೊಡಕು ಇಲ್ಲೇ ಇದೆ. ಆ ಹಣ ಬರುವುದು ಎಫ್‌ಐಡಿ (ರೈತರ ನೋಂದಣಿ) ಸಂಖ್ಯೆಯ ಆಧಾರದ ಮೇಲೆ. ಪಹಣಿ ಅಜ್ಜನ ಹೆಸರಲ್ಲೇ ಉಳಿದರೆ ಅಪ್ಪನ ಹೆಸರಿಗೆ ಎಫ್‌ಐಡಿ ಹುಟ್ಟುವುದಿಲ್ಲ. ಹಿಸ್ಸೆಯ ಮಾತನ್ನು ಮನೆಯಲ್ಲಿ ಎತ್ತುವುದು ಕಷ್ಟ ಎಂದು ಗೊತ್ತು, ಆದರೂ ಈ ವರ್ಷವೇ ಎತ್ತಿ, ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಮಂಜೂರಾದ ಹಣ ಬಾರದೇ ಹೋಗುವುದಕ್ಕೆ ಸಾಮಾನ್ಯ ಕಾರಣ ಬ್ಯಾಂಕ್ ಖಾತೆ. ಪಾಸ್‌ಬುಕ್‌ಗೆ ಆಧಾರ್ ಕೊಟ್ಟಿದ್ದೇವೆ ಎಂದರೆ ಸಾಲದು, ಎನ್‌ಪಿಸಿಐ ಮ್ಯಾಪಿಂಗ್ (ಸರ್ಕಾರದ ಹಣ ಯಾವ ಖಾತೆಗೆ ಹೋಗಬೇಕೆಂದು ಆಧಾರ್‌ಗೆ ಜೋಡಿಸುವುದು) ಆಗಿರಬೇಕು, ಅದೂ ಮಗಳ ಸ್ವಂತ ಖಾತೆಗೆ. ಎರಡು ಖಾತೆ ಇದ್ದರೆ ಕೊನೆಗೆ ಮ್ಯಾಪ್ ಆದದ್ದಕ್ಕೆ ಹಣ ಹೋಗುತ್ತದೆ; ಅದು ವ್ಯವಹಾರವಿಲ್ಲದೆ ನಿಂತ ಖಾತೆಯಾದರೆ ವಾಪಸ್. ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಎಂಬಲ್ಲಿ ಒಟಿಪಿ ಹಾಕಿದರೆ ಯಾವ ಬ್ಯಾಂಕ್ ಎಂದು ತೋರಿಸುತ್ತದೆ. ಪೇಟೆಗೆ ಹೋಗಲಾಗದಿದ್ದರೆ ಅಂಚೆಯಣ್ಣನ ಹತ್ತಿರ ಅಂಚೆ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದು ಸೀಡಿಂಗ್ ಮಾಡಿಸಬಹುದು.

ಪಿಯುಸಿ ನಂತರದ್ದು ಚುಟುಕಾಗಿ. ದ್ವಿತೀಯ ಪಿಯುಸಿಯಲ್ಲಿ ಮಂಡಳಿಯ 80ನೇ ಪರ್ಸೆಂಟೈಲ್‌ಗಿಂತ ಮೇಲಿದ್ದು, ವರಮಾನ 4.5 ಲಕ್ಷದೊಳಗಿದ್ದರೆ ಕೇಂದ್ರ ವಲಯದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು. ಪದವಿಯಲ್ಲಿ ವರ್ಷಕ್ಕೆ 12,000. ಪರ್ಸೆಂಟೈಲ್ ಅಂದರೆ ಶೇಕಡಾ 80 ಅಂಕ ಅಲ್ಲ, ನೂರರಲ್ಲಿ ಮೊದಲ ಇಪ್ಪತ್ತು ಜನರೊಳಗೆ ಇರುವುದು. ಹತ್ತು ಮತ್ತು ಹನ್ನೆರಡು ಎರಡನ್ನೂ ಸರ್ಕಾರಿ ಶಾಲೆ-ಕಾಲೇಜಿನಲ್ಲಿ ಮುಗಿಸಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ಕೊಡುವ ಯೋಜನೆ 2025ರಲ್ಲಿ ನಮ್ಮ ರಾಜ್ಯಕ್ಕೂ ಬಂತು. ಊರ ಸಮೀಪದ ಸರ್ಕಾರಿ ಪಿಯು ಕಾಲೇಜನ್ನು ಆಯ್ದುಕೊಳ್ಳಲು ಇದೊಂದೇ ಸಾಕು ಅನಿಸುತ್ತದೆ. ಶಕ್ತಿ ಯೋಜನೆಯಿಂದ ಬಸ್ಸಿನ ಖರ್ಚೂ ಇಲ್ಲ. ಇಂಜಿನಿಯರಿಂಗ್‌ನಲ್ಲಿ ವರಮಾನ 8 ಲಕ್ಷದೊಳಗಿನವರಿಗೆ ಎಸ್‌ಎನ್‌ಕ್ಯೂ ಎಂಬ ಬೋಧನಾ ಶುಲ್ಕ ವಿನಾಯಿತಿಯ ಹೆಚ್ಚುವರಿ ಸೀಟುಗಳೂ ಇವೆ. ಸಿಇಟಿ ಅರ್ಜಿಯಲ್ಲಿ ವರಮಾನದ ಕಾಲಂ ತುಂಬದೆ ಬಿಟ್ಟವರು ಆಮೇಲೆ ಕೇಳಿ ಫಲವಿಲ್ಲ.

ಸೀಟು ಹಂಚಿಕೆಯ ಆಪ್ಷನ್ ಎಂಟ್ರಿ (ಬೇಕಾದ ಕಾಲೇಜು-ಕೋರ್ಸುಗಳ ಪಟ್ಟಿ ತುಂಬುವುದು) ಬರುವುದು ಮಳೆಗಾಲದಲ್ಲಿ, ಕರೆಂಟು-ನೆಟ್‌ವರ್ಕ್ ಎರಡೂ ಕೈಕೊಡುವ ಹೊತ್ತಿನಲ್ಲಿ. ಕೊನೆಯ ದಿನಕ್ಕೆ ಕಾಯಬೇಡಿ. ಮಾಜಾಳಿಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಸಿಕ್ಕೇ ಸಿಗುತ್ತದೆ ಎಂದು ಅದನ್ನೇ ಮೊದಲು ಹಾಕಬೇಡಿ. ಮೇಲಿನ ಆಸೆಗಳನ್ನು ಮೇಲೆ ಹಾಕಿ, ಅದನ್ನು ಅದರ ಜಾಗದಲ್ಲಿ ಇಡಿ. ಗಣಕಯಂತ್ರ ಪಟ್ಟಿಯ ಮೇಲಿನಿಂದಲೇ ನೋಡುತ್ತ ಬರುತ್ತದೆ, ಸಿಗುವ ಮೊದಲ ಸೀಟಿಗೆ ನಿಲ್ಲುತ್ತದೆ. ಹೋಗಲು ಮನಸ್ಸಿಲ್ಲದ ಕಾಲೇಜನ್ನು ಪಟ್ಟಿ ತುಂಬಿಸಲೆಂದು ಸೇರಿಸಲೇಬಾರದು. ಸೀಟು ಬಂದ ಮೇಲೆ ನಾಲ್ಕು ಆಯ್ಕೆ: ಒಂದು, ಒಪ್ಪಿ ಸೇರುವುದು. ಎರಡು, ಇದನ್ನು ಹಿಡಿದಿಟ್ಟುಕೊಂಡೇ ಮುಂದಿನ ಸುತ್ತಿಗೆ ಹೋಗುವುದು. ಮೂರು, ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕು, ಪೂರ್ತಿ ಹೊರಬರುವುದು. ಸೈಬರ್ ಅಂಗಡಿಯ ಹುಡುಗನ ಕೈಗೆ ಪಾಸ್‌ವರ್ಡ್ ಕೊಟ್ಟು ಮನೆಗೆ ಬಂದರೆ ಎರಡರ ಬದಲು ಮೂರು ಒತ್ತಿದ್ದು ಗೊತ್ತಾಗುವುದು ಮುಂದಿನ ಸುತ್ತಿನಲ್ಲಿ. ಆ ಗುಂಡಿಯನ್ನು ಮಗಳೇ ಒತ್ತಲಿ, ಒತ್ತಿದ ಮೇಲೆ ಪ್ರಿಂಟ್ ತೆಗೆದುಕೊಳ್ಳಲಿ.

- ಸಂ.