ಬಾತ್‌ರೂಮ್ ತೊಳೆದಾಗಿಂದ ಕೆಮ್ಮು, ಕಣ್ಣುರಿ: ಪ್ರತಿಕ್ರಿಯೆ

ಟಾಯ್ಲೆಟ್ ಕ್ಲೀನರ್‌ಗೆ ಕಲೆ ಹೋಗಲಿಲ್ಲ ಅಂತ ಅದರ ಮೇಲೇ ಬ್ಲೀಚಿಂಗ್ ಪುಡಿ ಉದುರಿಸಿದೆ ಅಂದಿದ್ದೀರಲ್ಲ, ಕಾರಣ ಬಹುತೇಕ ಅದೇ. ಇಂಥ ಕ್ಲೀನರ್‌ಗಳಲ್ಲಿ ಹೆಚ್ಚಾಗಿ ಇರೋದು ಹೈಡ್ರೋಕ್ಲೋರಿಕ್ ಆಸಿಡ್. ಅದಕ್ಕೆ ಬ್ಲೀಚ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತೆ. ನಿಮ್ಮದು ಯಾವ ಬಾಟಲಿ ಅಂತ ಬರೆದಿಲ್ಲ, ಹಿಂದಿನ ಸಣ್ಣಕ್ಷರ ಓದಿ ಖಾತ್ರಿ ಮಾಡಿಕೊಳ್ಳಿ. ನಮ್ಮನೇಲೂ ಹೀಗೇ ಆಗಿತ್ತು. ಈಜುಕೊಳದ ಥರ ವಾಸನೆ ಮೂಗಿಗೆ ಬಡಿದಾಗಲೇ ತಲೆಗೆ ಹೊಳೆದಿದ್ದು.

ವಾಸನೆ ಇನ್ನೂ ಇದ್ದರೆ ಕಿಟಕಿ, ಬಾಗಿಲು ತೆರೆದಿಟ್ಟು ಹೊರಗಿರಿ. ಪೂರ್ತಿ ಹೋದ ಮೇಲೆ ಬರೀ ನೀರು ಧಾರಾಳವಾಗಿ ಸುರಿಯಿರಿ. ಉಸಿರು ಕಟ್ಟಿದಂತಾದರೆ, ಕೆಮ್ಮು ನಿಲ್ಲದಿದ್ದರೆ ತಡಮಾಡದೆ ಡಾಕ್ಟರ್ ಹತ್ತಿರ ಹೋಗಿ, ಏನೇನು ಬೆರೆಸಿದಿರಿ ಅಂತಲೂ ಹೇಳಿ.

ಬೋರ್‌ವೆಲ್ ನೀರಿನ ಬಿಳಿ ಕಲೆಗೆ ದಿನಸಿ ಅಂಗಡಿಯ ಸಿಟ್ರಿಕ್ ಆಸಿಡ್ (ನಿಂಬೆ ಉಪ್ಪು) ಸಾಕು. ಒಂದು ಲೀಟರ್ ಬಿಸಿನೀರಿಗೆ ಎರಡು ದೊಡ್ಡ ಚಮಚ ಕರಗಿಸಿ, ಕಲೆ ಮೇಲೆ ಹಾಕಿ ಅರ್ಧ ಗಂಟೆ ಬಿಟ್ಟು ಉಜ್ಜಿ. ಹಳೇ ಕಲೆಗೆ ಎರಡು ಮೂರು ಸಲ ಬೇಕಾಗಬಹುದು. ಮಾರ್ಬಲ್, ಕಡಪ ಕಲ್ಲಿಗೆ ಮಾತ್ರ ಬೇಡ, ಹೊಳಪು ಹೋಗುತ್ತೆ. ಅಡಿಗೆ ಸೋಡಾನೂ ಜೊತೆಗೆ ಹಾಕಬೇಡಿ. ನೊರೆ ಬರುತ್ತೆ, ಆದರೆ ಆಸಿಡ್‌ನ ಶಕ್ತಿಯೇ ಹೋಗುತ್ತೆ. ಬ್ಲೀಚ್ ಅಂತೂ ಇದಕ್ಕೂ ಸೇರಬಾರದು, ಅದೇ ಅನಿಲ ಮತ್ತೆ ಬರುತ್ತೆ.